ಕಾರಿಡಾರಿನಿಂದ ಹನ್ನೊಂದು ಸೆಕೆಂಡು

ಶತ್ರುಗಳು ತಂದೊಡ್ಡುವ ಕಷ್ಟಕ್ಕೆ ಪೊಲೀಸರಿದ್ದಾರೆ, ಕೋರ್ಟಿದೆ, ಏನೂ ಆಗದಿದ್ದರೆ ಊರು ಬಿಟ್ಟು ಓಡಿಹೋಗುವ ಸೌಲಭ್ಯವಿದೆ. ಪ್ರೀತಿಯ ಮೊಮ್ಮಗಳು ತಂದೊಡ್ಡುವ ಕಷ್ಟಕ್ಕೆ ಇದಾವುದೂ ಒದಗುವುದಿಲ್ಲ. ಅವಳ ತಲೆ ನೇವರಿಸಿ, ‘ಜಾಣೆ ಕಣಮ್ಮ ನೀನು’ ಎಂದು ಹೇಳಿ, ಒಳಗೆ ಹೋಗಿ ಹಾಸಿಗೆಯ ಮೇಲೆ ಅಂಗಾತ ಬೀಳಬೇಕು. ಕನ್ನಡಕದ ಅಂಗಡಿಯ ಯಜಮಾನರು ಆ ಮಂಗಳವಾರ ಮಧ್ಯಾಹ್ನ ಮಾಡಿದ್ದು ಅದನ್ನೇ.

ನಡೆದದ್ದಿಷ್ಟು. ಊರಿನ ರೇಡಿಯೋ ನಿಲಯದವರು ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಅರವತ್ತರ ದಶಕದ ಹಾಡುಗಳ ಕಾರ್ಯಕ್ರಮವೊಂದನ್ನು ಶುರುಮಾಡಿದ್ದರು. ಆ ಕಾಲದಲ್ಲಿ ಊರಿನ ಹುಡುಗರೇ ಬಿಗಿ ಪ್ಯಾಂಟು ತೊಟ್ಟು, ಹಣೆ ಮುಚ್ಚುವಂತೆ ಕೂದಲು ಇಳಿಬಿಟ್ಟು, ಗಿಟಾರು ಹೊತ್ತು ಬಂದು ನಿಲಯದ ಸ್ಟುಡಿಯೋದಲ್ಲಿ ಹಾಡಿ ಹೋಗುತ್ತಿದ್ದರು. ಆ ಹಾಡುಗಳೆಲ್ಲ ಉಗ್ರಾಣದ ಟೇಪುಗಳಲ್ಲಿ ಧೂಳು ಹೊದ್ದು ಮಲಗಿದ್ದವು. ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳು ತಾತನಿಗೆ ಒಂದು ಮಾತೂ ಹೇಳದೆ ನಿಲಯಕ್ಕೆ ಪತ್ರ ಬರೆದಳು. ನಮ್ಮ ತಾತ ಹಾಡಿದ ‘ನೀಲಿ ಸೈಕಲ್ಲು’ ಹಾಡನ್ನು ಹಾಕಿ, ಅಜ್ಜಿ ಆ ದನಿಗೆ ಮನಸೋತೇ ತಾತನನ್ನು ಮದುವೆಯಾದದ್ದು, ಎಂದು. ಟೇಪು ಸಿಕ್ಕೇಬಿಟ್ಟಿತು. ಬರುವ ಭಾನುವಾರ ಹಾಕುತ್ತೇವೆ, ಹಾಡಿಗೆ ಮುಂಚೆ ಹಳೆಯ ರೆಕಾರ್ಡಿಂಗ್ ರಿಜಿಸ್ಟರ್ ತೆರೆದು ಯಾರು ಹಾಡಿದರು, ಯಾರು ನುಡಿಸಿದರು ಎಂದು ಒಬ್ಬೊಬ್ಬರ ಹೆಸರನ್ನೂ ಓದುತ್ತೇವೆ, ಎಂದು ಉತ್ತರವೂ ಬಂತು. ಅದನ್ನೇ ಅವಳು ಕುಣಿಯುತ್ತ ಬಂದು ತಾತನಿಗೆ ಓದಿ ಹೇಳಿದ್ದು.

ಇದರಲ್ಲಿ ಒಂದೇ ಒಂದು ತೊಡಕಿತ್ತು. ಆ ಹಾಡನ್ನು ಯಜಮಾನರು ಹಾಡಿರಲಿಲ್ಲ.

ತಂಡದ ಹೆಸರು ‘ನಾಲ್ವರು ಗೆಳೆಯರು’. ಗಿಟಾರಿಗೆ ಫೋಟೋ ಸ್ಟುಡಿಯೋದವರ ಮಗ, ಡ್ರಮ್ಮಿಗೆ ಟ್ರಂಕು ಮಾಡುವವನು (ತಗಡು ಬಡಿದು ಬಡಿದು ಕೈ ಪಳಗಿತ್ತು), ಹಾಡಲು ಅಂಚೆ ಕಚೇರಿಯ ಗುಮಾಸ್ತ. ನಾಲ್ಕನೆಯ ಗೆಳೆಯರೇ ಅಪ್ಪನ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದ ನಮ್ಮ ಯಜಮಾನರು, ಆಗ ವಯಸ್ಸು ಹತ್ತೊಂಬತ್ತು. ಅವರಿಗೆ ಹಾಡಲು ಬರುತ್ತಿರಲಿಲ್ಲ, ನುಡಿಸಲೂ ಬರುತ್ತಿರಲಿಲ್ಲ. ಆದರೆ ಶಿಳ್ಳೆ ಹೊಡೆಯಲು ಬರುತ್ತಿತ್ತು, ಅದೂ ಎಂಥ ಶಿಳ್ಳೆ ಎಂದರೆ ಎದುರಿನ ಸಾಲಿನ ಅಂಗಡಿಯವರು ತಮ್ಮನ್ನೇ ಕರೆದರೆಂದು ಎದ್ದು ಬರುತ್ತಿದ್ದರು.

ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಮೈಕು. ಯಾರ ಸದ್ದು ಜಾಸ್ತಿಯೋ ಅವರು ಹಿಂದೆ ನಿಲ್ಲಬೇಕು. ಎಂಜಿನಿಯರು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಒಬ್ಬೊಬ್ಬರಿಗೂ ಜಾಗ ತೋರಿಸಿದರು. ಯಜಮಾನರು ಮೊದಲ ಶಿಳ್ಳೆ ಹಾಕಿದ್ದೇ ತಡ, ಮೀಟರಿನ ಮುಳ್ಳು ಬಲಗಡೆಗೆ ಹೋಗಿ ಬಡಿದು ಅಲ್ಲೇ ನಡುಗುತ್ತ ನಿಂತಿತು. ಎರಡು ಹೆಜ್ಜೆ ಹಿಂದೆ ಹೋಗಿ ಎಂದರು. ಹೋದರು. ಇನ್ನೆರಡು ಎಂದರು. ಗೋಡೆ ಬೆನ್ನಿಗೆ ತಾಗಿತು. ಎಂಜಿನಿಯರು ಸ್ವಲ್ಪ ಹೊತ್ತು ಯೋಚಿಸಿ ಬಾಗಿಲು ತೆರೆದರು. ಹೀಗೆ ಯಜಮಾನರು ಕಾರಿಡಾರಿನಲ್ಲಿ, ನೀರಿನ ಹೂಜಿಯ ಪಕ್ಕದಲ್ಲಿ, ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಕಾಲನ್ನು ಅಡ್ಡ ಕೊಟ್ಟು ನಿಂತು, ಎರಡನೆಯ ಚರಣ ಮುಗಿದ ಮೇಲೆ ಹನ್ನೊಂದು ಸೆಕೆಂಡು ಶಿಳ್ಳೆ ಹೊಡೆದರು. ಅವರ ಸಂಗೀತ ಸಾಮ್ರಾಜ್ಯದ ಉದ್ದಗಲ ಇಷ್ಟೇ.

ಹಾಡು ಊರನ್ನೇ ಹಿಡಿದುಬಿಟ್ಟಿತು. ಗುರುವಾರ ಸಂಜೆಯ ಕೋರಿಕೆ ಕಾರ್ಯಕ್ರಮದಲ್ಲಿ ಹದಿನಾಲ್ಕು ವಾರ ಎಡೆಬಿಡದೆ ಬಂತು. ಟೈಲರುಗಳು ಅದನ್ನು ಗುನುಗುತ್ತ ತೋಳು ಕತ್ತರಿಸಿದರು (ಬಟ್ಟೆಯದು), ಅಂಗಡಿಗಳಲ್ಲಿ ನೀಲಿ ಸೈಕಲ್ಲು ಮುಗಿದುಹೋಗಿ ಹಸಿರು ಸೈಕಲ್ಲಿಗೆ ನೀಲಿ ಬಣ್ಣ ಬಳಿದು ಮಾರಿದರು. ಆದರೆ ರೇಡಿಯೋದವರು ಹೇಳುತ್ತಿದ್ದದ್ದು ತಂಡದ ಹೆಸರನ್ನು ಮಾತ್ರ. ಆ ನಾಲ್ವರಲ್ಲಿ ದನಿ ಯಾರದು ಎಂಬುದು ನಾಲ್ವರನ್ನೂ ರಿಜಿಸ್ಟರನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಾಡುಗಾರನಿಗೆ ಬೇರೆ ಊರಿಗೆ ವರ್ಗವಾಯಿತು, ತಂಡ ಮುರಿಯಿತು.

ಐದು ವರ್ಷದ ಮೇಲೆ ಹೆಣ್ಣು ನೋಡಲು ಹೋದಾಗ ಹುಡುಗಿ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ. ಆ ನೀಲಿ ಸೈಕಲ್ಲಿನ ಹಾಡು ನಿಮ್ಮದಂತೆ, ಹೌದಾ? ಯಜಮಾನರು ‘ಹೂಂ’ ಎಂದರು. (ಲೆಕ್ಕಕ್ಕೆ ಕಾಲು ಭಾಗ ಅವರದೂ ಹೌದು.) ಹಾಡಿದ್ದು ನೀವೇನಾ ಎಂದು ಅವಳು ಮತ್ತೆ ಕೇಳಿದಳು. ಕಣ್ಣುಗಳ ವಿಷಯ ತಿಳಿದ ಮನುಷ್ಯ ಅವರು; ಅಂಥ ಕಣ್ಣುಗಳನ್ನು ಅದುವರೆಗೆ ಎಲ್ಲೂ ಪರೀಕ್ಷೆ ಮಾಡಿರಲಿಲ್ಲ. ಎರಡನೆಯ ‘ಹೂಂ’ ತಾನಾಗಿಯೇ ಹೊರಬಿತ್ತು. ಹುಡುಗಿ ಅದಾಗಲೇ ಮಾತುಕತೆಯಾಗಿದ್ದ ಬ್ಯಾಂಕ್ ಅಧಿಕಾರಿಯನ್ನು ಬೇಡವೆಂದು, ಅಪ್ಪನ ಎದುರು ನಿಂತು ಇವರನ್ನೇ ಮದುವೆಯಾದಳು.

ಮದುವೆಯಾದ ಮೊದಲನೆಯ ವಾರವೇ ಹಾಡಿ ಎಂದಳು. ಯಜಮಾನರು ಕಿಟಕಿಯ ಕಡೆ ತಿರುಗಿ, ತಂಡ ಒಡೆದ ದಿನವೇ ಇನ್ನು ಈ ಜನ್ಮದಲ್ಲಿ ಹಾಡುವುದಿಲ್ಲವೆಂದು ಘೋರ ಪ್ರತಿಜ್ಞೆ ಮಾಡಿಬಿಟ್ಟಿದ್ದೇನೆ ಎಂದರು. ಅದರಿಂದ ಅವಳ ಗೌರವ ಇಮ್ಮಡಿಯಾಯಿತು. ಐವತ್ತಮೂರು ವರ್ಷ ಆ ಪ್ರತಿಜ್ಞೆಯನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದಾರೆ. ಪಾಲಿಸಲು ಅದಕ್ಕಿಂತ ಸುಲಭವಾದ ಪ್ರತಿಜ್ಞೆ ಇನ್ನೊಂದಿಲ್ಲ. ಕಷ್ಟವಾದದ್ದು ಶಿಳ್ಳೆಯನ್ನು ಬಿಡುವುದು. ಶಿಳ್ಳೆ ಹೊಡೆಯುವವರೆಲ್ಲ ಬೀದಿ ಪೋಲಿಗಳು ಎಂಬುದು ಹೆಂಡತಿಯ ಖಚಿತ ಅಭಿಪ್ರಾಯ. ಒಮ್ಮೆ ಮೈಮರೆತು ಬಚ್ಚಲುಮನೆಯಲ್ಲಿ ಶಿಳ್ಳೆ ಹಾಕಿದಾಗ ಆಕೆ ಪೊರಕೆ ಹಿಡಿದು ಹಿತ್ತಲಿಗೆಲ್ಲ ಹೋಗಿ ಪೋಲಿಯನ್ನು ಹುಡುಕಿ ಬಂದಿದ್ದಳು.

ಅಂಗಡಿಯಲ್ಲಿ ಮಾತ್ರ ಅವರನ್ನು ಹಿಡಿಯುವವರಿರಲಿಲ್ಲ. ಗಿರಾಕಿಯ ಗದ್ದವನ್ನು ಯಂತ್ರದ ಮೇಲೆ ಕೂರಿಸಿ, ಅಲ್ಲಾಡಬೇಡಿ ಎಂದು ಹೇಳಿ, ಆ ಕಾಲದ ಹಾಡೇನು, ಆ ಗಿಟಾರಿನ ಝೇಂಕಾರವೇನು, ಈಗಿನವರದ್ದೂ ಒಂದು ಹಾಡೇ ಎಂದು ಶುರುಮಾಡುತ್ತಿದ್ದರು. ಪಾಪ, ಗಿರಾಕಿಗೆ ತಲೆಯಾಡಿಸಲೂ ಅವಕಾಶವಿರುತ್ತಿರಲಿಲ್ಲ.

ಹೀಗೆ ಐವತ್ತಮೂರು ವರ್ಷ ಕಟ್ಟಿದ ಕೋಟೆಯನ್ನು ಮೊಮ್ಮಗಳು ಒಂದು ಕಾಗದದಿಂದ ಉರುಳಿಸಿದ್ದಳು. ಹಾಸಿಗೆಯ ಮೇಲೆ ಬಿದ್ದಲ್ಲಿಂದ ಯಜಮಾನರು ಚಾವಣಿ ನೋಡುತ್ತ ಭಾನುವಾರಕ್ಕೆ ಇನ್ನೆಷ್ಟು ದಿನ ಎಂದು ಬೆರಳು ಮಡಿಸಿದರು. ಇನ್ನು ಐದೇ ದಿನ. ಆಕೆ ಎದ್ದು ಹೊರಟುಬಿಡುತ್ತಾಳೆ ಎಂಬ ಹೆದರಿಕೆಯಲ್ಲ. ಎಪ್ಪತ್ತು ದಾಟಿದ ಮೇಲೆ ಹೋಗುವುದಾದರೂ ಎಲ್ಲಿಗೆ. ಆದರೆ ಗುರುವಾರ ಸಂಜೆಗಳಲ್ಲಿ ಈಗಲೂ ಆಕೆ ಒಮ್ಮೊಮ್ಮೆ ಕೈಕೆಲಸ ನಿಲ್ಲಿಸಿ ಅವರನ್ನು ನೋಡುವ ಒಂದು ನೋಟವಿತ್ತು. ಆ ನೋಟ ಹೋಗುತ್ತದೆ. ಅದು ಹೋದರೆ ತಮ್ಮಲ್ಲಿ ನೋಡಲು ಬೇರೇನೂ ಇಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗಾಯದ ಮೇಲೆ ಬರೆ ಎಳೆಯಲು ಮಹಡಿಯ ಮೇಲೆ ಬಾಮೈದ ಇದ್ದ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತನಾದವನು. ಮೂವತ್ತೈದು ವರ್ಷ ಅಂಗಡಿ ಅಂಗಡಿಯ ತಕ್ಕಡಿ ಎತ್ತಿ ಅಡಿಯಲ್ಲಿ ಮೇಣ ಅಂಟಿಸಿದ್ದಾರೆಯೇ ಎಂದು ನೋಡಿದ ಮನುಷ್ಯನಿಗೆ ಭಾವನ ಮೇಲೆ ಮೊದಲಿನಿಂದಲೂ ಗುಮಾನಿ. ಅಕ್ಕನ ಮದುವೆಯಲ್ಲೇ ಅವನು, ಹಾಡುವವರಿಗೆ ಗಂಟಲಲ್ಲಿ ಕಫ ಕಟ್ಟಿದರೂ ಶ್ರುತಿಯಲ್ಲಿ ಕೆಮ್ಮುತ್ತಾರೆ, ಭಾವ ಹಾಗೆ ಕೆಮ್ಮುವುದಿಲ್ಲವಲ್ಲ ಎಂದು ಯಾರೊಡನೆಯೋ ಅಂದಿದ್ದನಂತೆ. ಸುದ್ದಿ ಕೇಳಿ ಕೆಳಗಿಳಿದು ಬಂದವನೇ, ಭಾನುವಾರ ತಾನೂ ಬಂದು ಕೂರುವುದಾಗಿಯೂ, ರಿಜಿಸ್ಟರಿನಲ್ಲಿ ಓದುವ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದಾಗಿಯೂ ಹೇಳಿದ. ನೆನಪಿಗೆ ಇರಲಿ ಅಂತ, ಎಂದು ಸೇರಿಸಿದ.

ಬುಧವಾರ ಯಜಮಾನರು ಮನೆಯ ರೇಡಿಯೋದ ಹೊಟ್ಟೆಯಿಂದ ಒಂದು ತಂತಿ ಕಿತ್ತರು. ಸಂಜೆಯೊಳಗೆ ಮೊಮ್ಮಗಳು ಹೊಸ ರೇಡಿಯೋವನ್ನೇ ತಂದಿಟ್ಟಳು. ಅದು ಕೆಟ್ಟರೆ ಫೋನಿನಲ್ಲಿ ಕೇಳಬಹುದು, ಫೋನು ಕೆಟ್ಟರೆ ಮಹಡಿಯ ಮೇಲೆ ಮಾವಜ್ಜನ ಮನೆಯಲ್ಲಿ ಇನ್ನೊಂದಿದೆ ಎಂದು ತಾತನಿಗೆ ಸಮಾಧಾನ ಹೇಳಿದಳು.

ಗುರುವಾರ ಅಂಗಡಿಗೆ ಬೀಗ ಹಾಕಿ ಅವರು ನೇರವಾಗಿ ರೇಡಿಯೋ ನಿಲಯಕ್ಕೇ ಹೋದರು. ಕಾರಿಡಾರು ಹಾಗೇ ಇತ್ತು, ಹೂಜಿಯ ಜಾಗದಲ್ಲಿ ನೀರಿನ ಯಂತ್ರ ಬಂದಿತ್ತು ಅಷ್ಟೆ. ಕಾರ್ಯಕ್ರಮ ನಡೆಸುವ ಹೆಣ್ಣುಮಗಳು ಅವರು ಯಾರೆಂದು ತಿಳಿದೊಡನೆ ಎದ್ದು ನಿಂತು ಕುರ್ಚಿ ಒರೆಸಿದಳು. ಅವಳ ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. ಯಜಮಾನರ ಹಾಡು ಅವಳ ತಾಯಿಗಿಂತ ಹಿರಿಯದು. ರಿಜಿಸ್ಟರು ಇನ್ನೂ ಉಗ್ರಾಣದಿಂದ ಬಂದಿಲ್ಲ, ಶನಿವಾರ ಬರುತ್ತದೆ ಎಂದು ತಿಳಿದಾಗ ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯ ಅಂಚಿಗೆ ಸರಿದು ಹೇಳಿದರು:

“ನೋಡಮ್ಮ, ಹಾಡು ಬೇಕಾದ್ರೆ ಹಾಕು. ಆ ರಿಜಿಸ್ಟರ್ ಮಾತ್ರ ತೆಗೀಬೇಡ. ಹೆಸರು ಯಾರದ್ದೂ ಓದಬೇಡ. ಕೈ ಮುಗೀತೀನಿ.”

“ಯಾಕೆ ಸಾರ್?”

ಇದಕ್ಕೆ ಅವರು ಉತ್ತರ ಸಿದ್ಧಮಾಡಿಕೊಂಡು ಹೋಗಿರಲಿಲ್ಲ. ಹಾಡು ದೊಡ್ಡದು, ಮನುಷ್ಯ ದೊಡ್ಡವನಲ್ಲ, ಎಂದುಬಿಟ್ಟರು. ಅವರ ಮಟ್ಟಿಗೆ ಅದು ಅಕ್ಷರಶಃ ನಿಜವಾಗಿತ್ತು. ಆ ಹೆಣ್ಣುಮಗಳ ಕಣ್ಣಲ್ಲಿ ನೀರು ತುಂಬಿತು. ರಿಜಿಸ್ಟರ್ ಓದುವುದನ್ನೇ ಕೇಳುಗರು ಕಾಯುತ್ತಾರೆ, ಕಾರ್ಯಕ್ರಮದ ಜೀವಾಳವೇ ಅದು, ಎಂದು ಸ್ವಲ್ಪ ಹೊತ್ತು ತೊಳಲಾಡಿದಳು. ಕೊನೆಗೆ, ನೀವು ಮನೆಗೆ ಹೋಗಿ ಸಾರ್, ಭಾನುವಾರ ತಪ್ಪದೆ ಕೇಳಿ, ಉಳಿದದ್ದು ನನಗೆ ಬಿಡಿ ಎಂದಳು. ಉಳಿದದ್ದು ನನಗೆ ಬಿಡಿ ಎಂದವರು ಯಾರೂ ಯಜಮಾನರ ಜೀವಮಾನದಲ್ಲಿ ಒಳ್ಳೆಯದು ಮಾಡಿರಲಿಲ್ಲ. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡು ಕಾಲೆಳೆಯುತ್ತ ಮನೆಗೆ ಬಂದರು.

ಶುಕ್ರವಾರ ಬಂದ ಗಿರಾಕಿಗಳು ಕತೆಯಿಲ್ಲದೆ ಕಣ್ಣು ತೋರಿಸಿಕೊಂಡು ಹೋದರು. ಒಬ್ಬರಿಗೆ ಎಡಗಣ್ಣಿನ ಗಾಜು ಬಲಕ್ಕೂ ಬಲದ್ದು ಎಡಕ್ಕೂ ಹೋಯಿತು. ಶನಿವಾರ ಊಟ ಸೇರಲಿಲ್ಲ. ಹಳೆಯ ನೆನಪಾಗುತ್ತಿದೆಯೇ ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಹೌದು ಎಂದರು. ಆಕೆ ಅವರ ಕೈಮೇಲೆ ಕೈಯಿಟ್ಟಳು, ಆ ಕೈಯ ಬಿಸಿಗೆ ಯಜಮಾನರಿಗೆ ಅಳು ಬಂತು.

ಭಾನುವಾರ ಒಂಬತ್ತೂವರೆಗೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಹೆಂಡತಿ ಹೊಸ ಬಟ್ಟೆ ಉಟ್ಟು, ಮದುವೆಗಳಿಗೆ ಮಾತ್ರ ಹೊರಬರುವ ಓಲೆ ತೊಟ್ಟು, ರೇಡಿಯೋಕ್ಕೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಾಮೈದನ ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ, ಹಾಳೆಯ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಮೊದಲೇ ಹಾಕಿಟ್ಟ ಅಂಕಿಗಳು. ಆ ಅಂಕಿಗಳನ್ನು ಕಂಡಾಗ ಯಜಮಾನರ ಧೈರ್ಯ ಪೂರಾ ಕರಗಿತು. ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ತಮ್ಮ ಬಾಯಿಂದಲೇ ಕೇಳಲಿ, ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದುಕೊಂಡು, ಹತ್ತಕ್ಕೆ ಹತ್ತು ನಿಮಿಷವಿರುವಾಗ ಹೆಂಡತಿಯನ್ನು ಒಳಗೆ ಕರೆದರು. ಈಗ ಎಲ್ಲಿಗೂ ಏಳುವುದಿಲ್ಲ, ಏನಿದ್ದರೂ ಇಲ್ಲೇ ಹೇಳಿ, ಎಂದಳು ಆಕೆ.

“ಆ ಹಾಡು ನಾನು ಹಾಡಿದ್ದಲ್ಲ,” ಎಂದರು ಯಜಮಾನರು.

ರೇಡಿಯೋದಲ್ಲಿ ಯಾರೋ ಸೋಪಿನ ಗುಣಗಾನ ಮಾಡುತ್ತಿದ್ದರು.

“ಹಾಡಿದ್ದು ಅಂಚೆ ಕಚೇರಿಯವನು. ನಾನು... ಮಧ್ಯದಲ್ಲಿ ಶಿಳ್ಳೆ ಹೊಡೆದೆ.”

“ಎಲ್ಲಿ ನಿಂತು, ಭಾವ?” ಎಂದು ಬಾಮೈದ ಪೆನ್ನಿನ ಮುಚ್ಚಳ ತೆಗೆದ.

“ಕಾರಿಡಾರಿನಲ್ಲಿ.”

“ಮೈಕಿಗೆ ಎಷ್ಟು ಅಡಿ ದೂರ?”

ಹದಿನೆಂಟು ಎಂದರು ಯಜಮಾನರು. ಬಾಮೈದ ಬರೆದುಕೊಂಡ. ಐವತ್ತಮೂರು ವರ್ಷ ಕಾದು ಹಿಡಿದ ತಕ್ಕಡಿ ಇದು. ಅವನ ಮುಖದಲ್ಲಿ ಅಂಥ ಶಾಂತಿಯನ್ನು ಯಾರೂ ಕಂಡಿರಲಿಲ್ಲ. ಮೊಮ್ಮಗಳು ಎದ್ದು ಬಂದು ತಾತನ ಬೆನ್ನು ಸವರಿ, ಶಿಳ್ಳೆಯೂ ಒಂದು ವಾದ್ಯವೇ ತಾತ, ಎಂದಳು. ಅದೊಂದು ಮಾತು ಬಾಮೈದನ ಎಲ್ಲ ಪ್ರಶ್ನೆಗಳಿಗಿಂತ ಆಳಕ್ಕೆ ಹೋಗಿ ನಾಟಿತು. ಹೆಂಡತಿ ಮಾತ್ರ ರೇಡಿಯೋವನ್ನೇ ನೋಡುತ್ತಿದ್ದಳು. ಓಲೆಯೂ ಅಲ್ಲಾಡುತ್ತಿರಲಿಲ್ಲ.

ಎರಡನೆಯ ಚರಣ ಆದ ಮೇಲೆ ಬರುತ್ತದೆ, ಹನ್ನೊಂದು ಸೆಕೆಂಡು, ಅದು ಪೂರ್ತಿ ನನ್ನದೇ, ಅದನ್ನೊಂದು ಕೇಳು, ಎಂದು ಯಜಮಾನರು ಅಂಗಲಾಚಿದರು. ಅವರಿಗೆ ಉಳಿದಿದ್ದ ಆಸ್ತಿಯೆಲ್ಲ ಅಷ್ಟೇ.

ಹತ್ತು ಗಂಟೆಯಾಯಿತು. ಆ ಹೆಣ್ಣುಮಗಳ ದನಿ ಬಂತು, ಇಂದು ಸ್ವಲ್ಪ ಗದ್ಗದವಾಗಿಯೇ. ಪ್ರತಿ ವಾರದಂತೆ ಇಂದು ನಾನು ರಿಜಿಸ್ಟರ್ ಓದುವುದಿಲ್ಲ, ಎಂದಳು. ಅದನ್ನು ತೆರೆದು ಕೂಡ ನೋಡಿಲ್ಲ. ಈ ಹಾಡನ್ನು ಹಾಡಿದ ಹಿರಿಯರು ಮೊನ್ನೆ ಸ್ವತಃ ಇಲ್ಲಿಗೆ ಬಂದು, ತಮ್ಮ ಹೆಸರು ಹೇಳಬಾರದೆಂದು ಕೈಮುಗಿದು ಕೇಳಿಕೊಂಡರು. ಇವತ್ತಿನ ಕಾಲದಲ್ಲಿ ಇಂಥವರೂ ಇದ್ದಾರೆ. ನಮ್ಮ ಬಜಾರಿನ ಕನ್ನಡಕದ ಅಂಗಡಿಯಲ್ಲಿ ಕುಳಿತು ಜನಕ್ಕೆ ಕಣ್ಣು ಕೊಡುವ ಆ ಮಹಾನುಭಾವರ ಹೆಸರನ್ನು ನಾನು ಸರ್ವಥಾ ಹೇಳುವುದಿಲ್ಲ.

ಯಜಮಾನರು ಗೋಡೆ ಹಿಡಿದುಕೊಂಡರು. ಹತ್ತು ನಿಮಿಷ. ಬಾಯಿಗೆ ಇನ್ನು ಹತ್ತು ನಿಮಿಷ ಬೀಗ ಹಾಕಿಕೊಂಡಿದ್ದರೆ ಸಾಕಿತ್ತು, ಸಾಯುವವರೆಗೂ ಗಾಯಕರಾಗಿಯೇ ಇರಬಹುದಿತ್ತು. ಐವತ್ತಮೂರು ವರ್ಷ ಇವರನ್ನು ಕಾಪಾಡಿದ ದೈವ ಕೊನೆಯ ಹತ್ತು ನಿಮಿಷ ಕಾಪಾಡಲು ಬಂದಾಗ ಇವರೇ ಬಾಗಿಲು ಹಾಕಿದ್ದರು.

ಹಾಡು ಶುರುವಾಯಿತು. ಅಂಚೆ ಗುಮಾಸ್ತನ ದನಿ ಹತ್ತೊಂಬತ್ತರ ಹರೆಯದಲ್ಲಿ ಹಾಗೇ ಇತ್ತು, ಒಂದಿಷ್ಟೂ ಮುಪ್ಪಾಗಿರಲಿಲ್ಲ. ಮೊದಲ ಚರಣಕ್ಕೆ ಹೆಂಡತಿ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ತುಟಿ ಅಲ್ಲಾಡಿತು, ಆಕೆಗೆ ಪೂರ್ತಿ ಹಾಡು ಬಾಯಿಪಾಠ. ಎರಡನೆಯ ಚರಣ ಮುಗಿಯಿತು. ಯಜಮಾನರು ಕೈಯೆತ್ತಿ, ಈಗ, ಎಂದರು. ಎಲ್ಲೋ ದೂರದಿಂದ ಒಂದು ಶಿಳ್ಳೆ ಏಳುವ ಹೊತ್ತಿಗೆ, ಹಾಡಿನಲ್ಲಿ ಮಾತಿಲ್ಲದ ಜಾಗ ಸಿಕ್ಕಿತೆಂದು ಆ ಹೆಣ್ಣುಮಗಳು ನಡುವೆ ಬಂದಳು. ಸಮಯ ಹತ್ತು ಗಂಟೆ ನಾಲ್ಕು ನಿಮಿಷವೆಂದೂ, ದುರಸ್ತಿಯ ಸಲುವಾಗಿ ಸೇತುವೆ ರಸ್ತೆ ಮಧ್ಯಾಹ್ನದವರೆಗೆ ಬಂದ್ ಇರುತ್ತದೆಂದೂ, ವಾಹನ ಸವಾರರು ಕೆರೆ ರಸ್ತೆಯಲ್ಲಿ ಸುತ್ತಿ ಹೋಗಬೇಕೆಂದೂ ತಿಳಿಸಿದಳು. ಬಾಮೈದ ಗಡಿಯಾರ ನೋಡುತ್ತಿದ್ದ. ಸರಿಯಾಗಿ ಹನ್ನೊಂದು ಸೆಕೆಂಡು, ಎಂದು ಅವನೇ ಹೇಳಿದ. ಆಮೇಲೆ ಮೂರನೆಯ ಚರಣ ಬಂತು.

ಹಾಡು ಮುಗಿದದ್ದೇ ಫೋನು ಬಡಿದುಕೊಳ್ಳತೊಡಗಿತು. ಮೊದಲನೆಯದು ಬೀದಿ ಕೊನೆಯ ಔಷಧಿ ಅಂಗಡಿಯವರದು. ಯಜಮಾನರು ಕೈ ಚಾಚಿದರು. ಇನ್ನು ಮುಚ್ಚಿಡುವುದೇನಿದೆ, ಊರಿಗೆಲ್ಲ ನಿಜ ಹೇಳಿ ಹಗುರಾಗೋಣ ಎಂದು ಅವರ ಮನಸ್ಸು ಗಟ್ಟಿಮಾಡಿಕೊಂಡಿತ್ತು. ಹೆಂಡತಿ ಅವರ ಕೈಯಿಂದ ಫೋನು ಕಿತ್ತುಕೊಂಡಳು. ಹೌದು, ಅವರೇ ಹಾಡಿದ್ದು, ಎಂದಳು. ಸಂಕೋಚದವರು, ನಿಮಗೆ ಗೊತ್ತಲ್ಲ, ಎಂದಳು. ಎರಡನೆಯ ಫೋನಿಗೂ ಅದನ್ನೇ ಹೇಳಿದಳು, ಏಳನೆಯದಕ್ಕೂ ಅದನ್ನೇ. ನಡುವೆ ಬಾಮೈದ, ಅಕ್ಕ, ನಿಜ ಅನ್ನೋದು ಒಂದಿದೆಯಲ್ಲ, ಎಂದು ಬಾಯಿ ತೆರೆದ. ಆಕೆ ಅವನ ತೊಡೆಯ ಮೇಲಿದ್ದ ಹಾಳೆಯನ್ನು ತೆಗೆದು ನಾಲ್ಕಾಗಿ ಹರಿದಳು.

“ಈ ಮಾತು ಈ ಮನೆ ಹೊಸ್ತಿಲು ದಾಟಬಾರದು,” ಎಂದಳು. “ಬ್ಯಾಂಕ್ ಆಫೀಸರನ್ನ ಬೇಡ ಅಂದು ಕಾರಿಡಾರಿನಲ್ಲಿ ಶಿಳ್ಳೆ ಹೊಡೆದೋರನ್ನ ಕಟ್ಕೊಂಡೆ ಅಂತ ಊರೆಲ್ಲ ನಗಬೇಕಾ? ನೀವು ಹೊರಗಡೆ ಹಾಡಿದೋರೇ. ಮನೆಯೊಳಗೆ ಏನು ಅಂತ ಆಮೇಲೆ ನೋಡೋಣ.”

ಯಜಮಾನರು ಇಂಗು ತಿಂದ ಮಂಗನಂತೆ ತಲೆಯಾಡಿಸಿದರು. ಐವತ್ತಮೂರು ವರ್ಷ ಹೊತ್ತ ಸುಳ್ಳನ್ನು ಇಳಿಸಿದ್ದಕ್ಕೆ ಸಿಕ್ಕ ಬಹುಮಾನವೆಂದರೆ ಅದೇ ಸುಳ್ಳು ಮತ್ತೆ ಹೆಗಲೇರಿದ್ದು, ಈ ಸಲ ಅಪ್ಪಣೆಯ ಮೇರೆಗೆ. ಬಾಮೈದ ಹರಿದ ಹಾಳೆಯ ಚೂರುಗಳನ್ನು ಆರಿಸಿಕೊಂಡು ಮಹಡಿ ಹತ್ತಿದ. ಮೊಮ್ಮಗಳು ರೇಡಿಯೋ ಆರಿಸಿ ಕಾಫಿ ಮಾಡಲು ಹೋದಳು.

ಹೆಂಡತಿ ಕುರ್ಚಿಯನ್ನು ರೇಡಿಯೋದಿಂದ ಅವರ ಕಡೆಗೆ ತಿರುಗಿಸಿಕೊಂಡು ಕೂತಳು. ಬೈದರೂ ಸಾಕು, ಎರಡು ಏಟು ಹಾಕಿದರೂ ಸಾಕು ಎಂದು ಯಜಮಾನರು ಕಾಯುತ್ತಿದ್ದರು. ಆಕೆ ಕೇಳಿದ್ದು ಬೇರೆಯೇ.

“ಆ ಅಂಚೆ ಕಚೇರಿಯವರು ಈಗೆಲ್ಲಿದ್ದಾರೆ?”

ನಿಜ ಹೇಳುವುದನ್ನು ಆಗಷ್ಟೇ ಕಲಿತಿದ್ದ ಯಜಮಾನರಿಗೆ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಲಿಲ್ಲ. ಪಕ್ಕದ ಊರಿನಲ್ಲಿದ್ದಾನೆ, ಎಂದರು. ಒಬ್ಬನೇ ಇದ್ದಾನೆ, ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಯಿತು. ವರ್ಷಕ್ಕೊಮ್ಮೆ ಕನ್ನಡಕ ಬದಲಾಯಿಸಲು ಅಂಗಡಿಗೆ ಬರುತ್ತಾನೆ. ಬಂದಾಗಲೆಲ್ಲ ಮನೆಯ ಕಡೆ ಕರೆಯದೆ ಹಾಗೇ ಬಸ್ಸು ಹತ್ತಿಸಿದ್ದೇನೆ.

“ಈಗಲೂ ಹಾಡ್ತಾರಾ?”

ಹಾಡುತ್ತಾನೆ, ಎಂದರು ಯಜಮಾನರು.

ಹೆಂಡತಿ ಎದ್ದು ಗೋಡೆಯ ಕನ್ನಡಿಯ ಮುಂದೆ ನಿಂತು ಓಲೆ ಸರಿಮಾಡಿಕೊಂಡಳು. ಕಳಚಿಡುತ್ತಾಳೆ ಎಂದು ಯಜಮಾನರು ನೋಡಿದರು. ಕಳಚಲಿಲ್ಲ.

“ನಾನೂ ಕಣ್ಣು ತೋರಿಸಿ ಬಹಳ ದಿನ ಆಯ್ತು,” ಎಂದಳು. “ಅವರು ಅಂಗಡಿಗೆ ಬರೋ ದಿನ ಹೇಳಿ, ನಾನೂ ಬರ್ತೀನಿ.”